ಹೊಲದ ಒಕ್ಕಲು

೨೦೦೭ರ ಶೀಗಿ ಹುಣ್ಣಿಮೆ. ಖಾನಾವಳಿಗೆ ಬೀಗ ಹಾಕಿ, ಬುತ್ತಿ ಹೊತ್ತು ರಾಣೆಬೆನ್ನೂರಿನಿಂದ ಹೊಲಕ್ಕೆ ಬರುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಗೋವಿನಜೋಳ ತೆನೆ ಕಟ್ಟಿ ನಿಂತಿತ್ತು. ಅಂಚಿನ ಸಾಲುಗಳನ್ನು ಮಾತ್ರ ಪಕ್ಕದ ಕೃಷ್ಣಮೃಗ ಅಭಯಾರಣ್ಯದಿಂದ ಬರುವ ಚಿಗರಿಗಳು ತಿಂದು ತುಳಿದಿದ್ದವು. ಮೈದುನ ಸೋಮಣ್ಣ ಬದುವಿನ ಸುತ್ತ ತಂತಿ ಎಳೆದಿದ್ದ. ಎಡೆಯ ಅಡಿಗೆಯನ್ನು ಬೆಳೆಗೆ ಎರಚಿ ಚರಗ ಚೆಲ್ಲಿದ ಮೇಲೆ, ಹೊತ್ತು ಮುಳುಗುತ್ತಲೇ ಅದಕ್ಕೆ ಕರೆಂಟು ಬಿಡುವವನಿದ್ದ. ತಾಗಿದ ಚಿಗರಿ ಮತ್ತೆ ಏಳುವುದಿಲ್ಲ.

ಧಾರವಾಡದಲ್ಲಿ ತತ್ವಶಾಸ್ತ್ರ ಓದುವ ಮಗಳು ಸ್ನೇಹಾ ತಂತಿ ನೋಡಿ ನಿಂತುಬಿಟ್ಟಳು. "ಕಾಕಾ, ಇದನ್ನ ಬಿಚ್ಚರಿ."

"ಬರ್ರಿ ಸ್ವಾಮಿಗೋಳ! ಪ್ರವಚನ ಶುರು ಆತೇನು? ವೈನಿ, ಇಕಿಗೊಂದು ಮಠಾ ಹುಡುಕ್ರಿ."

"ಮಠಾ ಆಮ್ಯಾಲೆ ಹುಡುಕೋಣು. ಮೊದಲ ಆಕಿ ಏನಂತಾಳ ಕೇಳು," ಎಂದೆ.

"ಮನುಷ್ಯಾ ಎಲ್ಲಾದಕ್ಕೂ ತಾನ ಮಾಲಕ ಅಂತ ತಿಳಕೊಂಡಾನ್ರಿ. ಅದಕ್ಕ ಹಳ್ಳ ಬತ್ತ್ಯಾವು, ಗುಬ್ಬಿ ಹೋಗ್ಯಾವು."

"ಅಲ್ಲವಾ, ಅವಕ್ಕ ಸರಕಾರ ಅಷ್ಟ ದೊಡ್ಡ ಅಡವಿ ಬಿಟ್ಟೈತಿ. ನಮ್ಮ ಹೊಲದಾಗ ಯಾಕ ಒಕ್ಕಲ ಆಗ್ಯಾವ?"

ಆ ಮಾತನ್ನು ಸ್ನೇಹಾ ಗಟ್ಟಿಯಾಗಿ ಹಿಡಿದಳು. "ಒಕ್ಕಲ ಅಂದ್ರ ಯಾರ್ರಿ?"

"ಮಂದಿ ಮನ್ಯಾಗ ಇರಾವ್ರು. ಮಾಲಕ ಬ್ಯಾರೆ, ಒಕ್ಕಲ ಬ್ಯಾರೆ."

"ಮತ್ತ ನೀವು ಮಾಡೋದೇನು?"

"ಒಕ್ಕಲತನ," ಎಂದ.

"ನೋಡ್ರಿ, ನಿಮ್ಮ ಬಾಯಾಗ ಬಂತು! ಈಗ ಭೂಮಿತಾಯಿಗೆ ಉಡಿ ತುಂಬತೇವಿ. ಕೊಂಡ ಸಾಮಾನಿಗೆ ಯಾರರ ಉಡಿ ತುಂಬತಾರೇನು? ಆಕಿ ಮನ್ಯಾಗ ನಾವೂ ಒಕ್ಕಲ, ಚಿಗರೀನೂ ಒಕ್ಕಲ."

"ಒಕ್ಕಲಾದ್ರ ಬಾಡಿಗಿ ಕೊಡಬೇಕವಾ. ಚಿಗರಿ ಏನ ಕೊಡತಾವ?"

"ನೀವೇನ ಕೊಡತೀರಿ? ವರ್ಷಕ್ಕೊಮ್ಮೆ ಎರಡ ಕಡಬು!"

ನನಗೆ ನಗು ತಡೆಯಲಾಗಲಿಲ್ಲ. ಸೋಮಣ್ಣನೂ ಟವೆಲಿನಿಂದ ಮುಖ ಮುಚ್ಚಿ ನಕ್ಕ. ಆಮೇಲೆ ಬೆಳೆಯತ್ತ ನೋಡಿದ, ನಗು ಇಳಿಯಿತು. "ಮಾತ ಚಂದ ಐತಿ. ತೆನಿ ಕಾಯಾವ್ರು ಯಾರು?"

"ಸೂಟಿ ಮುಗಿಯೋತನಕ ನಾ ಕಾಯತೇನಿ. ಡಬ್ಬಿ ಬಡಕೋತ ಅಡ್ಡಾಡತೇನಿ. ಆಮ್ಯಾಲೆ ನಿಮ್ಮ ಪಾಳಿ."

"ನಾನೂ ವಾರಕ್ಕೆರಡ ದಿನ ಬರತೇನಿ," ಎಂದೆ. ಖಾನಾವಳಿ ಹೇಗೆ ನಡೆಯುತ್ತದೆಂದು ಯೋಚಿಸಿರಲಿಲ್ಲ.

ಸೋಮಣ್ಣ ಗೊಣಗುತ್ತ ತಂತಿ ಬಿಚ್ಚತೊಡಗಿದ. ಅರ್ಧ ಬಿಚ್ಚಿ ಬಂದು, ಚರಗದ ಬುಟ್ಟಿಯನ್ನು ಸ್ನೇಹಾಳ ಕೈಗಿಟ್ಟ. ನಮ್ಮ ಮನೆಯಲ್ಲಿ ಚರಗ ಚೆಲ್ಲುವುದು ಗಂಡಸರೇ.

"ನೀನ ಚೆಲ್ಲವಾ. ಅಂಚಿನ ಕಡೆ ಒಂದೀಟು ಜಾಸ್ತಿ ಚೆಲ್ಲು. ಆ ಒಕ್ಕಲದವ್ರು ಅಲ್ಲೇ ಬರತಾರ."

"ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕುತ್ತ ಅವಳು ಗೋವಿನಜೋಳದ ಸಾಲಿನೊಳಗೆ ನಡೆದಳು.

ಪಕ್ಕದ ಹೊಲದಿಂದ ಗುತ್ತೆವ್ವ ಕೇಳಿದಳು, "ಯವ್ವಾ, ಯಾರ್ದ ಅದು ಹೆಣ್ಣ ದನಿ?"

"ನನ್ನ ಮಗಳದು!" ಎಂದೆ. ಗುತ್ತೆವ್ವನಿಗೆ ಮೊದಲ ಸಲವೇ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿದೆ.