ಹೆಪ್ಪಿನ ಕಡ್ಡಿಕಟ್ಟು

"ಪೊರಕೆ ಅಂದ್ಕೊಂಡೆ ಕಣಮ್ಮ! ಪೊರಕೆ ಥರಾನೇ ಇತ್ತಲ್ಲ!" ಎಂದ ಹಡಗಿನ ಅಡುಗೆಯವ ಹಂಫ್ರಿ. ಅವನ ಕೈಯಲ್ಲಿದ್ದ ಕಡ್ಡಿಕಟ್ಟಿನಿಂದ ಬಿಸಿನೀರು, ಕೊಬ್ಬು ಎರಡೂ ತೊಟ್ಟಿಕ್ಕುತ್ತಿದ್ದವು. ಉಪ್ಪುಮಾಂಸದ ಹಂಡೆಯನ್ನು ಅದರಿಂದಲೇ ತಿಕ್ಕಿದ್ದ, ಅದೂ ಕುದಿನೀರು ಹೊಯ್ದುಕೊಂಡು.

ಅವಿಸ್ ಕಟ್ಟನ್ನು ಮುಟ್ಟಿ ನೋಡಿದಳು, ಇನ್ನೂ ಸುಡುತ್ತಿತ್ತು. ಅದು ಅವಳ ಅತ್ತೆ ಥಾಮಸಿನ್‌ಳ ಹೆಪ್ಪು, ಬಿಯರು ರೊಟ್ಟಿ ಎರಡನ್ನೂ ಹುದುಗಿಸುವಂಥದ್ದು. ಬಿಯರ್ ಹುದುಗುವಾಗ ಕಡ್ಡಿಗಳನ್ನು ನೊರೆಯಲ್ಲಿ ಅದ್ದಿ ಒಣಗಿಸಿಟ್ಟರೆ ವರ್ಷವಾದರೂ ಹೆಪ್ಪು ಸಾಯುವುದಿಲ್ಲ. ಬೆಚ್ಚನೆಯ ಬಾರ್ಲಿ ನೀರಿಗೆ ಬಿಟ್ಟರೆ ಮತ್ತೆ ಎದ್ದು ಕೂರುತ್ತದೆ. ಕುದಿನೀರು ಬಿತ್ತೋ, ಕಥೆ ಮುಗಿಯಿತು. ಇಂಗ್ಲೆಂಡು ಎಂದೋ ಬೆನ್ನಿಗೆ ಬಿದ್ದಿತ್ತು, ಅಮೆರಿಕದ ದಡ ಇನ್ನೂ ಕಂಡಿರಲಿಲ್ಲ. ಆ ಹೊಸ ನೆಲದಲ್ಲಿ ಮನೆಯ ಬಿಯರು, ಮನೆಯ ರೊಟ್ಟಿ ಎಲ್ಲವೂ ಈ ಕಟ್ಟಿನಿಂದಲೇ ಆಗಬೇಕಿತ್ತು. ಹೆಪ್ಪು ಯಾರ ಕೈಯಲ್ಲೋ ಮನೆ ಅವರ ಕೈಯಲ್ಲಿ. ಹಡಗು ಹತ್ತುವಾಗ ಅತ್ತೆ ಅದನ್ನು ಸೊಸೆಗೆ ಒಪ್ಪಿಸಿದ್ದಳು. ಸೊಸೆ ಜಂಬದಿಂದ ಎಲ್ಲರ ಕಣ್ಣಿಗೆ ಬೀಳುವಂತೆ ಒಲೆಯ ಬಳಿ ತೂಗುಹಾಕಿದ್ದಳು. ಬೇಕಿತ್ತೇ ಅವಳಿಗೆ?

ಆದರೆ ಅಳುತ್ತಾ ಕೂರುವ ಹೆಣ್ಣಲ್ಲ ಅವಳು. "ಅಣ್ಣಾ, ಇವತ್ತು ಖಾಲಿಯಾದ ಬಿಯರ್ ಪೀಪಾಯಿ ಎಲ್ಲಿ?"

"ಕೆಳಗಿದೆ. ಸಮುದ್ರದ ನೀರು ತುಂಬಿಸ್ಬೇಕು, ಹಡಗಿಗೆ ಭಾರ ಬೇಕಲ್ಲ."

"ತುಂಬಿಸಿದ್ರೆ ನಿನ್ನನ್ನೇ ಅದ್ರೊಳಗೆ ತುಂಬಿಸ್ತೀನಿ. ನಡಿ!"

ಇಬ್ಬರೂ ಮುಚ್ಚಳ ಕಿತ್ತು ಪೀಪಾಯಿ ಓರೆ ಮಾಡಿದರು. ಅವಿಸ್ ಭುಜದವರೆಗೆ ಕೈ ಇಳಿಸಿ ತಳದಲ್ಲಿ ಉಳಿದಿದ್ದ, ಹೆಪ್ಪಿನ ಜೀವವಿರುವ ಬಗ್ಗಡವನ್ನು ಬೋಗುಣಿಗೆ ಬಳಿದುಕೊಂಡಳು. ನೇರ ಅತ್ತೆಯ ಮುಂದೆ ತಂದಿಟ್ಟು ನಡೆದದ್ದೆಲ್ಲ ಹೇಳಿದಳು.

ಥಾಮಸಿನ್ ಬೋಗುಣಿ ಮೂಸಿ ಮುಖ ಹಿಂಡಿದಳು. "ನಮ್ಮಮ್ಮನ ಹೆಪ್ಪು ಕಣೇ ಅದು. ಅವಳಿಗೆ ಅವಳಮ್ಮ ಕೊಟ್ಟಿದ್ದು. ಇದ್ಯಾವುದು? ಯಾವೂರ್ದೋ, ಯಾರ ಮನೇದೋ!"

"ನಾನೂ ಯಾರ ಮನೆಯವಳೋ ಅಲ್ವಾ ಅತ್ತೆ? ಒಗ್ಗಿಕೊಳ್ಲಿಲ್ವಾ?"

"ನೀನು ಒಗ್ಗೋಕೆ ಆರು ವರ್ಷ ಹಿಡೀತು."

"ಇದು ನನಗಿಂತ ಚುರುಕು. ಸಂಜೆಯೊಳಗೆ ಏಳತ್ತೆ, ನೋಡ್ತಿರಿ."

ಹಂಫ್ರಿ ತಪ್ಪುಕಾಣಿಕೆಯೆಂಬಂತೆ ಬಾರ್ಲಿ ನೀರು ಬೆಚ್ಚಗೆ ಮಾಡಿಕೊಟ್ಟ. ಕಟ್ಟನ್ನೂ ಕೊಬ್ಬು ಹೋಗುವಂತೆ ತೊಳೆದು ತಂದ. ಅವಿಸ್ ಆ ನೀರನ್ನು ಬಗ್ಗಡಕ್ಕೆ ಬೆರೆಸಿ, ಬೋಗುಣಿಯನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಹಡಗು ವಾಲಿದಾಗ ತಾನೂ ವಾಲಿ ಅದನ್ನು ನೆಟ್ಟಗೆ ಹಿಡಿದಳು. ಮಧ್ಯಾಹ್ನ ಕಳೆದರೂ ನೀರು ನೀರಾಗಿಯೇ ಇತ್ತು. ಬಾಯಲ್ಲಿ ಧೈರ್ಯ ಹೇಳಿದ್ದಳು, ಆದರೂ ಮತ್ತೆ ಮತ್ತೆ ಕಂಬಳಿ ಸರಿಸಿ ಇಣುಕಿದಳು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಬೆಳಕು ಇಳಿಯುವ ಹೊತ್ತಿಗೆ ಥಾಮಸಿನ್ ಎದ್ದು ಬಂದು, ಏನೂ ಕೇಳದೆ ಕಂಬಳಿ ಸರಿಸಿ ಬೋಗುಣಿಗೆ ಕಿವಿಯಿಟ್ಟಳು.

"ಸುಮ್ನಿರು, ಉಸಿರು ಬಿಡ್ಬೇಡ," ಎಂದಳು. ಒಳಗೆ ಸಣ್ಣಗೆ ಚಿಟಚಿಟ ಸದ್ದು. ಅಂಚಿನಲ್ಲಿ ಬಿಳಿ ನೊರೆ ಕಟ್ಟುತ್ತಿತ್ತು.

ಅವಳು ಕೈ ಚಾಚಿ ಹಳೆಯ ಕಡ್ಡಿಕಟ್ಟನ್ನು ತೆಗೆದುಕೊಂಡಳು. ನೊರೆಯಲ್ಲಿ ಹೊರಳಿಸಿ ಹೊರಳಿಸಿ ಅದ್ದಿ ಸೊಸೆಯ ಕೈಗಿಟ್ಟಳು. "ಒಲೆ ಹತ್ರ ಬೇಡ. ನಿನ್ನ ತಲೆ ಮೇಲೆ ಕಟ್ಕೋ."

ಅವಿಸ್ ಮಲಗುವ ಜಾಗದ ಮೇಲಿನ ಮೊಳೆಗೆ ಕಟ್ಟಿದಳು. ಹಡಗಿನೊಂದಿಗೆ ಅದು ಅತ್ತಿತ್ತ ತೂಗಿತು. ಒಂದು ಹನಿ ಅವಳ ಹಣೆಯ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ.