ಗೆರೆಯ ಕೆಳಗೆ ಬಿದ್ದ ಹೆಸರು

ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆಗೆ ಹೆಸರು ಓದುವವನು ನಾನು. ಒಂದೇ ಚೀಟಿ, ನಡುವೆ ಒಂದು ಗೆರೆ. ಮೇಲೆ ಹಾಸಿಗೆ ಹಿಡಿದವರು, ಕೆಳಗೆ ಮಣ್ಣು ಸೇರಿದವರು. ಅಪ್ಪ ಕೀರ್ತನೆಗಳನ್ನು ರಾಗ ಮಾಡಿ ಹೇಳಿಕೊಟ್ಟು ಬೆಳೆಸಿದ್ದರಿಂದ ನನಗೆ ಕಿವಿಯ ಚಪಲ. ಗಿಡ್ಡ ಹೆಸರು ಮೊದಲು, ಉದ್ದದ್ದು ಕಡೆಗೆ ಬಂದರೆ ಓದು ಮೆಟ್ಟಿಲಿಳಿದ ಹಾಗೆ ಬಂದು ನಿಲ್ಲುತ್ತದೆ.

ಹಿಂದೆ ಊರಿನ ಬಟ್ಟೆ ಇಸ್ತ್ರಿ ಮಾಡುತ್ತಿದ್ದು, ಈಗ ಹಾಸಿಗೆ ಹಿಡಿದಿದ್ದ ಇಸ್ತ್ರಿ ಅಜ್ಜಿಯ ನಿಜ ಹೆಸರು ಎಲ್ಲರದಕ್ಕಿಂತ ಉದ್ದ. ಆ ಶನಿವಾರ ಅದು ಮೊದಲ ಸಾಲಿನಲ್ಲಿ ಕುಂಟುತ್ತಿದೆ ಅನ್ನಿಸಿತು. ಹೊಡೆದುಹಾಕಿ ಚೀಟಿಯ ಕಟ್ಟಕಡೆಗೆ ಬರೆದೆ. ಮರುದಿನ ಓದು ಚೆನ್ನಾಗಿಯೇ ಇಳಿಯಿತು. "ಪ್ರಭುವೇ, ನಮ್ಮ ಮೊರೆ ಆಲಿಸು" ಎಂದು ಜನ ಒಂದೇ ದನಿಯಲ್ಲಿ ಹೇಳಿದರು. ನಡುವಿನ ಗೆರೆ ನನಗೆ ನೆನಪೇ ಆಗಲಿಲ್ಲ.

ಗುರುವಾರ ಬೆಳಿಗ್ಗೆ ಬುತ್ತಿ ಅಕ್ಕ ಚರ್ಚಿನ ಹಿಂದಿನ ಕೋಣೆಯಲ್ಲಿ ಡಬ್ಬಿ ತೊಳೆಯುತ್ತಿದ್ದಳು. ನಡೆಯಲಾರದವರ ಮನೆಗಳಿಗೆ ದಿನವೂ ಊಟ ಒಯ್ಯುವವಳು ಅವಳು.

"ಏನಣ್ಣಾ, ಮೂರು ವರ್ಷ ಅನ್ನ ಕೊಟ್ಟೋಳು ನಾನು. ಮಣ್ಣಿಗೆ ಬಾ ಅಂತ ಒಂದು ಮಾತು ಹೇಳಿಕಳಿಸ್ಬಾರದಿತ್ತಾ?"

"ಯಾರ ಮಣ್ಣಿಗೆ?"

"ಇನ್ಯಾರು, ಇಸ್ತ್ರಿ ಅಜ್ಜಿ. ನೀವೇ ಓದಿದ್ರಲ್ಲ, ಅಷ್ಟು ಚೆನ್ನಾಗಿ! ನನ್ನ ಕಣ್ಣಲ್ಲಿ ನೀರು ಬಂತು."

"ಅಕ್ಕಾ, ಅವಳ ಊಟ?"

"ಸತ್ತೋರಿಗೆ ಊಟ ಒಯ್ಯೋಕೆ ನನಗೇನು ತಲೆ ಕೆಟ್ಟಿದ್ಯಾ? ಭಾನುವಾರದಿಂದ ಕುರುಡಪ್ಪನಿಗೆ ಕೊಡ್ತಿದೀನಿ."

ಜೇಬಿನಲ್ಲೇ ಉಳಿದಿದ್ದ ಭಾನುವಾರದ ಚೀಟಿ ತೆಗೆದು ನೋಡಿದೆ. ಅಜ್ಜಿಯ ಹೆಸರು ಗೆರೆಯ ಕೆಳಗಿತ್ತು. ಅವಳೂ ಇಣುಕಿದಳು. ಡಬ್ಬಿ ಅವಳ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು.

ಅಜ್ಜಿಯದು ಗೋದಾಮಿನ ಹಿಂದಿನ ಒಂಟಿ ಕೋಣೆ. ಹಿಂದೆ ಮುಂದೆ ಯಾರೂ ಇಲ್ಲ. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ಮೂರು ವರ್ಷ. ಬಾಗಿಲು ತೆರೆದಾಗ ಬಂದ ವಾಸನೆಯನ್ನು ಬರೆಯಲಾರೆ. ಹೂಜಿ ಅಡ್ಡ ಬಿದ್ದು ಒಣಗಿತ್ತು. ಇಸ್ತ್ರಿ ಪೆಟ್ಟಿಗೆ ಮಾತ್ರ ಗೂಟದ ಪಕ್ಕ ಒರೆಸಿಟ್ಟ ಹಾಗೆಯೇ ಇತ್ತು.

ಅಕ್ಕ ಒದ್ದೆ ಬಟ್ಟೆಯಿಂದ ತುಟಿ ತೋಯಿಸಿದಳು. ಅಜ್ಜಿ ಕಣ್ಣು ತೆರೆದಳು.

"ಬಂದ್ಯಾ ಮಗಳೇ? ನಿನಗೇ ಹುಷಾರಿಲ್ಲ ಅಂದ್ಕೊಂಡೆ. ದಿನಾ ನಿನ್ನ ಹೆಸರಲ್ಲಿ ಜಪಮಾಲೆ ಹೇಳ್ತಿದ್ದೆ. ಕೂಗೋಕೆ ಗಂಟಲು ಬರ್ಲಿಲ್ಲ ನೋಡು." ಆಮೇಲೆ ನನ್ನ ಕಡೆ ತಿರುಗಿದಳು. "ಓದೋರೂ ಬಂದ್ರಾ? ನನ್ನ ಹೆಸರು ಓದ್ತೀರಿ ತಾನೆ, ವಾರ ವಾರ?"

"ಓದ್ತೀನಿ ಅಜ್ಜಿ."

"ಮತ್ತೇನು ಬೇಕು," ಅಂದಳು.

'ನಾನು ಹಸಿದಿದ್ದೆ, ನೀವು ನನಗೆ ಊಟ ಕೊಟ್ಟಿರಿ' ಎಂಬ ಪ್ರಭುವಿನ ವಾಕ್ಯ ನನಗೆ ಬಾಯಿಪಾಠ. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ದನಿ ತಗ್ಗಿಸಬೇಕು ಎಲ್ಲವೂ ಗೊತ್ತು. ಅಲ್ಲಿ ನಿಂತಾಗ ಅದರ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ. ತಪ್ಪು ನನ್ನದು ಎಂಬ ಮಾತೂ ಬರಲಿಲ್ಲ.

ಶುಕ್ರವಾರ ಸಂಜೆ ಆಸ್ಪತ್ರೆಯಲ್ಲಿ ಅಜ್ಜಿ ತೀರಿಕೊಂಡಳು. ಮಣ್ಣಿಗೆ ಇದ್ದವರು ಫಾದರ್, ಅಕ್ಕ, ನಾನು, ಗುಂಡಿ ತೋಡಿದವನು. ಉಳಿದವರಿಗೆ ಅವಳು ಹೋದ ವಾರವೇ ಸತ್ತವಳು.

ಭಾನುವಾರ ಹೊಸ ಚೀಟಿಯನ್ನು ಫಾದರ್ ಕೈಗಿಟ್ಟೆ. ಅವರಿಗೆ ನಾನು ಎಲ್ಲವನ್ನೂ ಹೇಳಿಕೊಂಡಿದ್ದೆ. ಅವರು ಗೆರೆಯ ಕೆಳಗಿನ ಆ ಉದ್ದ ಹೆಸರಿನ ಮೇಲೆ ಬೆರಳಿಟ್ಟರು.

"ಇದು ಬೇಡ. ಒಂದು ಸಲ ಓದಿ ಆಗಿದೆ. ಮತ್ತೆ ಓದಿದರೆ ಜನ ಯಾಕೆ ಅಂತ ಕೇಳ್ತಾರೆ. ನಿಮ್ಮನ್ನ ಹರಿದು ತಿಂತಾರೆ."

"ಆದ್ರೆ ಫಾದರ್, ಆಗ ಅವಳು ಬದುಕಿದ್ಲು."

"ಗೊತ್ತು," ಎಂದರು. ಅವರ ದನಿಯಲ್ಲಿ ಕರುಣೆಯಿತ್ತು. ಅದು ನನ್ನ ಮೇಲಿನ ಕರುಣೆ.

ಅವಳ ಹೆಸರು ಬಿಟ್ಟು ಓದಿದೆ. ಓದು ಇಳಿಯದೆ ನಡುವೆಯೇ ನಿಂತಿತು. ಮುಗಿದದ್ದು ಜನಕ್ಕೆ ತಿಳಿಯಲಿಲ್ಲ. ಆಮೇಲೆ ಯಾರೋ ಮೊದಲುಮಾಡಿದರು: "ಪ್ರಭುವೇ, ನಮ್ಮ ಮೊರೆ ಆಲಿಸು."

ಬುತ್ತಿ ಅಕ್ಕ ಮಾತ್ರ ಆ ಮೊರೆಗೆ ದನಿಗೂಡಿಸದೆ ನನ್ನನ್ನೇ ನೋಡುತ್ತಿದ್ದಳು.