ಹೋಳಿಗೆ ಸಾಲಿನಲ್ಲಿ ಗಾಬೊರ್

ಕಡಲಾಚೆಯ ಈ ನಮ್ಮ ಕನ್ನಡ ಸಂಘದಲ್ಲಿ ಸನ್ಮಾನವೆಂದರೆ ಅತಿಥಿಯ ಬಾಯಿಗೆ ಶಾಲು ಹೊದಿಸುವ ಕಲೆ. ಪೇಟ, ಹಾರ, ಹಣ್ಣಿನ ಬುಟ್ಟಿ, ಫೋಟೋ, ಮತ್ತೊಂದು ಫೋಟೋ. ಅಷ್ಟರಲ್ಲಿ ಹಾಲ್‌ನ ಹಿಂದುಗಡೆ ತಟ್ಟೆಗಳ ಸದ್ದು ಶುರುವಾಗಿರುತ್ತದೆ. ಅತಿಥಿ ಮೈಕ್ ಹಿಡಿಯುವ ಹೊತ್ತಿಗೆ ಎದುರಿಗೆ ಖಾಲಿ ಕುರ್ಚಿಗಳು. ಇದೆಲ್ಲ ಗೊತ್ತಿದ್ದೂ ಕ್ಯಾರಲ್ಟನ್‌ನ ಯುಗಾದಿ ಕಾರ್ಯಕ್ರಮಕ್ಕೆ ಮಾಗ್ದಾ ಅವರನ್ನು ಕರೆದುಕೊಂಡು ಹೋದೆ. ನನ್ನದೂ ಒಂದು ಹಠ.

ಮಾಗ್ದಾ ನಮ್ಮ ಪಕ್ಕದ ಮನೆಯವರು. ತೊಂಬತ್ತರ ಯಹೂದಿ ಅಜ್ಜಿ, ಹುಟ್ಟೂರು ಬುಡಾಪೆಸ್ಟ್. ನಾಜಿಗಳ ಕಾಲದ ಹತ್ಯಾಕಾಂಡದಲ್ಲಿ ಅವರ ಮನೆಯವರ ಪೈಕಿ ಉಳಿದದ್ದು ಅವರೊಬ್ಬರೇ. ಆ ಕಥೆಯನ್ನು ಯಾರು ಕರೆದರೂ ಹೋಗಿ ಹೇಳುತ್ತಾರೆ.

"ವೈಷ್ಣವಿ, ನನ್ನ ತಮ್ಮನನ್ನು ಕಣ್ಣಾರೆ ಕಂಡವರು ಭೂಮಿಯ ಮೇಲೆ ನಾನೊಬ್ಬಳೇ. ನಾನು ಹೋದರೆ ಅವನು ಇರಲೇ ಇಲ್ಲ ಅಂತಾಗುತ್ತದೆ," ಎಂದಿದ್ದರು ಕಾರಿನಲ್ಲಿ. ಹಿಂದೆಯೇ, "ಅಂದಹಾಗೆ, ನಿಮ್ಮಲ್ಲಿ ಸಿಹಿ ಏನು ಮಾಡಿರುತ್ತಾರೆ?" ಎಂದೂ ಕೇಳಿದ್ದರು.

ಅಧ್ಯಕ್ಷರಾದ ಮಹಾಬಲೇಶ್ವರ ಅಂಕಲ್ ಊರುದ್ದದ ಪರಿಚಯ ಮಾಡಿಕೊಟ್ಟರು. ಅದರಲ್ಲಿ ಅರ್ಧ ಅವರದೇ ಪರಿಚಯ. ಆಮೇಲೆ ಮಾಗ್ದಾರ ತಲೆಗೆ ಪೇಟ ಇಟ್ಟರು, ಅದು ಹುಬ್ಬಿನ ತನಕ ಇಳಿಯಿತು. "ಎರಡೇ ಮಾತು ಸಾಕು ಮೇಡಂ, ಊಟ ಆರಿಹೋಗುತ್ತೆ," ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ಆ ಎರಡು ಮಾತಿಗೂ ಯಾರೂ ಕೂತಿರಲಿಲ್ಲ. ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮಾಗ್ದಾ ಮಾತ್ರ ಮೈಕನ್ನು ಮೆಲ್ಲಗೆ ಕೆಳಗಿಟ್ಟು ಆ ಸಾಲನ್ನೇ ನೋಡುತ್ತಿದ್ದರು.

ಆಗ ಬಂದವರು ಧಾರವಾಡದ ಸೀತಾಬಾಯಿ ಆಂಟಿ. ನಮ್ಮ ಸಂಘದಲ್ಲಿ ಅಧ್ಯಕ್ಷರು ಬದಲಾಗುತ್ತಾರೆ, ಹೋಳಿಗೆ ಮೇಜಿನ ಹಿಂದೆ ನಿಲ್ಲುವವರು ಬದಲಾಗುವುದಿಲ್ಲ.

"ಹಸದ ಮಂದಿಗೆ ಭಾಷಣ ಯಾಕ್ರೀ? ಅಜ್ಜಿನ್ನ ನನ್ನ ಕಡೆ ಕಳಸ್ರಿ. ಹೋಳಿಗಿ ಬಿಟ್ಟು ಯಾರ್ ಓಡ್ತಾರ ನೋಡೋಣು," ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಾಗ್ದಾರ ಕಣ್ಣು ಮಿನುಗಿತು. ಪೇಟವನ್ನು ಹಿಂದಕ್ಕೆ ತಳ್ಳಿಕೊಂಡು ಮೇಜಿನ ಹಿಂದೆ ಹೋಗಿ ಕುಳಿತರು. ಸೀತಾಬಾಯಿ ಮಾಗ್ದಾರ ಕೈಗೆ ತುಪ್ಪದ ಚಮಚ ಕೊಟ್ಟರು. ಒಂದು ಹೋಳಿಗೆಗೆ ಒಂದು ಮಾತು, ಕೇಳಿಸಿಕೊಳ್ಳದವರಿಗೆ ತುಪ್ಪ ಇಲ್ಲ ಎಂದು ಕರಾರು ಹಾಕಿದರು.

ಸಾಲಿನಲ್ಲಿ ಮೊದಲು ಸಿಕ್ಕವನು ನಮ್ಮ ಸಂಘದ ಬಾಳಪ್ಪ. "ನಮ್ಮ ಮನೆಯ ಕೆಳಗೆ ಇದ್ದಿಲು ತುಂಬುವ ನೆಲಮಾಳಿಗೆ ಇತ್ತು," ಎಂದರು ಮಾಗ್ದಾ. ಅವನು ಫೋನಿನಿಂದ ತಲೆಯೆತ್ತಿ ಹೂಂಗುಡುವ ತನಕ ಚಮಚ ಮೇಲೆಯೇ ನಿಂತಿತ್ತು. ಅವನ ಹಿಂದಿದ್ದ ಡಾಕ್ಟರ್ ಸಮರ್ಥ್‌ಗೆ, "ಅಮ್ಮ ನನ್ನನ್ನು ಇದ್ದಿಲಿನ ಹಿಂದೆ ಬಚ್ಚಿಟ್ಟಳು," ಎಂದರು. ಬಾಳಪ್ಪನ ಮಗಳು ಪುಟ್ಟ ಸಿಯಾಗೆ, "ತಮ್ಮನನ್ನು ಬಚ್ಚಿಡಲಾಗಲಿಲ್ಲ. ಅವನಿಗೆ ಕೆಮ್ಮು ಇತ್ತು," ಎಂದರು.

ಸ್ವಲ್ಪ ಹೊತ್ತಿನಲ್ಲಿ ಮೇಜುಗಳಲ್ಲಿ ಗುಸುಗುಸು ಹತ್ತಿಕೊಂಡಿತು. ನೆಲಮಾಳಿಗೆ ಸಿಕ್ಕವರಿಗೆ ತಮ್ಮ ಸಿಕ್ಕಿರಲಿಲ್ಲ, ತಮ್ಮ ಸಿಕ್ಕವರಿಗೆ ಸೈನಿಕರು ಸಿಕ್ಕಿರಲಿಲ್ಲ. "ನಿಮಗೇನಂದ್ರು? ನಿಮಗೆ?" ಎಂದು ಜನ ಕುರ್ಚಿ ಎಳೆದುಕೊಂಡು ಹೋಗಿ ವಿಚಾರಿಸತೊಡಗಿದರು. ಸಕ್ಕರೆ ಬಿಡಿ ಎಂದು ಊರಿಗೆಲ್ಲ ಉಪದೇಶ ಮಾಡುವ ಸಮರ್ಥ್ ಮತ್ತೆ ಸಾಲಿಗೆ ಬಂದು ನಿಂತರು.

"ಡಾಕ್ಟ್ರ, ಇನ್ನೊಂದ್ ಹೋಳಿಗೀನ?" ಎಂದರು ಸೀತಾಬಾಯಿ.

"ಹೋಳಿಗೆ ಹಾಗಿರಲಿ ಆಂಟಿ. ಸೈನಿಕರು ಅಂಗಳಕ್ಕೆ ಬಂದ್ರಂತಲ್ಲ, ಮುಂದೇನಾಯ್ತು?"

ಮುಂದಿನದು ಬೇರೆ ಬೇರೆ ತಟ್ಟೆಗಳಿಗೆ ಹೋಯಿತು. ಅಮ್ಮ ತಮ್ಮನನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತದ್ದು ಒಬ್ಬರಿಗೆ. ಅವನ ಒಂದು ಕಾಲಿನ ಬೂಟು ಕಳಚಿ ಬಿದ್ದದ್ದು, ಅದನ್ನು ಎತ್ತಿಕೊಳ್ಳಲು ಸೈನಿಕರು ಬಿಡದಿದ್ದದ್ದು ಇನ್ನೊಬ್ಬರಿಗೆ. ನೆಲಮಾಳಿಗೆಯ ಕಿಂಡಿಯಿಂದ ಮಾಗ್ದಾ ಎಲ್ಲವನ್ನೂ ಕಂಡದ್ದು ಮತ್ತೊಬ್ಬರಿಗೆ. ಕೊನೆಯ ತುಂಡನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಸೀತಾಬಾಯಿ ಅದನ್ನು ಯಾರಿಗೆ ಎತ್ತಿಡಿಸಿದ್ದಾರೆಂದು ನನಗೆ ಆಗ ಹೊಳೆಯಿತು.

ಅಧ್ಯಕ್ಷರು ಎಲ್ಲರ ಊಟವಾದ ಮೇಲೆ ಉಣ್ಣಬೇಕೆನ್ನುವುದು ನಮ್ಮ ಸಂಘದ ಪದ್ಧತಿ. ಮಹಾಬಲೇಶ್ವರ ಅಂಕಲ್ ತಟ್ಟೆ ಚಾಚಿದಾಗ ಇಡೀ ಹಾಲ್ ಇತ್ತ ತಿರುಗಿತ್ತು. ಮಾಗ್ದಾ ಆ ತಟ್ಟೆಗೆ ಧಾರಾಳವಾಗಿ ತುಪ್ಪ ಹಾಕಿ, ಹತ್ತಿರ ಬಾಗಲು ಹೇಳಿ, ಬಹಳ ಹೊತ್ತು ಮಾತಾಡಿದರು. ಅಂಕಲ್ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಏನಂದ್ರು ಅಂಕಲ್? ಮೈಕಲ್ಲಿ ಹೇಳಿ," ಎಂದ ಬಾಳಪ್ಪ.

ತಟ್ಟೆ ಹಿಡಿದೇ ಅವರು ಮೈಕಿನ ಮುಂದೆ ನಿಂತರು. ಅವರು ಮಾತಿಗೆ ತಡವರಿಸಿದ್ದನ್ನು ನಾನು ಕಂಡದ್ದು ಅಂದೇ.

"ಎದುರು ಮನೆ ಕಿಟಕಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳಂತೆ. ಕೆಟ್ಟವಳಲ್ಲ, ಈ ಮಕ್ಕಳಿಗೆ ಆಗಾಗ ಸಿಹಿ ಕೊಡ್ತಿದ್ದವಳು. ಕೈಯಲ್ಲಿ ತಟ್ಟೆ ಇತ್ತಂತೆ. ಊಟ ಮಾಡ್ತಾ ನೋಡ್ತಿದ್ದಳಂತೆ. ತಮ್ಮನಿಗೆ ನಾಲ್ಕು ವರ್ಷ. ಹೆಸರು ಗಾಬೊರ್."

"ಆ ಆಂಟಿ ಊಟ ನಿಲ್ಲಿಸಿದಳಾ?" ಎಂದು ಸಿಯಾ ಇಂಗ್ಲಿಷಿನಲ್ಲಿ ಕೇಳಿದಳು. ಅಂಕಲ್‌ಗೆ ಅದು ಗೊತ್ತಿರಲಿಲ್ಲ. ಮಾಗ್ದಾ ಕಡೆ ನೋಡಿದರು.

"ಇಲ್ಲ ಕಂದ," ಎಂದರು ಮಾಗ್ದಾ. "ಪೂರ್ತಿ ಮಾಡಿದಳು."

ಮಹಾಬಲೇಶ್ವರ ಅಂಕಲ್ ತಮ್ಮ ತಟ್ಟೆ ನೋಡಿಕೊಂಡರು. ಅದನ್ನು ವೇದಿಕೆಯ ಅಂಚಿಗೆ ಇಟ್ಟರು. ಮಾಗ್ದಾರಿಗಾಗಿ ಕುರ್ಚಿಯೊಂದನ್ನು ತಾವೇ ಹೊತ್ತು ತಂದು ಮೈಕಿನ ಮುಂದೆ ಹಾಕಿ, ಕೆಳಗೆ ಬಂದು ಮೊದಲ ಸಾಲಿನಲ್ಲಿ ಕುಳಿತರು.

"ಗಾಬೊರ್ ಹೇಗಿದ್ದ ಮೇಡಂ?" ಎಂದರು. "ಮೊದಲಿಂದ ಹೇಳಿ."